ತಂದೆಯ ಕೈಕೆಳಗೆ ಕಲಿತ ಹಾಡು

ಪಾಠಭಾಗ: 1 ಪೂರ್ವಕಾಲವೃತ್ತಾಂತ, 25ನೆಯ ಅಧ್ಯಾಯ



ದಾವೀದ ಅರಸನು ದೇವರ ಗಾನಸೇವೆಗೋಸ್ಕರ ಜನರನ್ನು ನೇಮಿಸಿದ ವೃತ್ತಾಂತವು ಈ ಅಧ್ಯಾಯದಲ್ಲಿದೆ. ಹೆಸರುಗಳ ಪಟ್ಟಿಯೆಂದು ನಾವು ಇದನ್ನು ಬೇಗನೆ ದಾಟಿಹೋಗುವದುಂಟು. ಆದರೆ ನಿಧಾನಿಸಿ ಓದುವವನಿಗೆ ಇದರಲ್ಲಿ ಎರಡು ಸಂಗತಿಗಳು ಕಾಣುವವು. ಮೊದಲನೆಯದು: ಆ ಹಾಡುಗಾರರು ಅಲ್ಲಿ ಇಲ್ಲಿ ಕೂಡಿಸಲ್ಪಟ್ಟವರಲ್ಲ, ಆಸಾಫ, ಯೆದುತೂನ, ಹೇಮಾನ ಎಂಬ ಮೂವರ ಮನೆಗಳಲ್ಲಿ ಹುಟ್ಟಿ, ತಂತಮ್ಮ ತಂದೆಯ ಕೈಕೆಳಗೆ ಅಭ್ಯಾಸಮಾಡಿದವರು. ಎರಡನೆಯದು: ಹೇಮಾನನಿಗೆ ಗಂಡುಮಕ್ಕಳು 14 ಮಂದಿ ಎಂದು ಬರೆದವನು ಅಲ್ಲಿಗೇ ನಿಲ್ಲಿಸದೆ, ಹೆಣ್ಣುಮಕ್ಕಳು 3 ಮಂದಿ ಎಂಬದನ್ನೂ ಲೆಕ್ಕಕ್ಕೆ ಸೇರಿಸಿದ್ದಾನೆ.

ತಂದೆಯ ಕೈಕೆಳಗೆ ಇರುವದೆಂದರೇನು? ಅವನ ಅಧಿಕಾರಕ್ಕೆ ಒಳಪಡುವದು ಮಾತ್ರವೇ ಅಲ್ಲ. ಅವನ ಬೆರಳು ತಂತಿಯ ಮೇಲೆ ಎಲ್ಲಿ ಬೀಳುತ್ತದೆಂದು ಕಾಣುವಷ್ಟು ಹತ್ತಿರ ಕೂತಿರುವದು. ತಪ್ಪಿದರೆ ಅವನು ತಿದ್ದುವಷ್ಟು ಹತ್ತಿರ ಇರುವದು. ಹೊಲವಿಲ್ಲದ, ಹಣವಿಲ್ಲದ, ದೇಹಬಲವೂ ಕುಂದಿದ ಒಬ್ಬ ತಂದೆಯು ತನ್ನ ಮಕ್ಕಳಿಗೆ ಏನು ಬಿಟ್ಟುಹೋಗಬಲ್ಲನು ಎಂಬದನ್ನು ತಿಳಿಯುವದಕ್ಕೆ ದಂಡಿನ ವಾದ್ಯಗಾರನಾಗಿದ್ದ ಒಬ್ಬನ ಚರಿತ್ರೆಯನ್ನು ಈ ತಿಂಗಳು ವಿಚಾರಿಸೋಣ. ಅವನ ಮಗಳು ವೃದ್ಧಾಪ್ಯದಲ್ಲಿ ಬರೆದಿಟ್ಟ ನೆನಪುಗಳಿಂದಲೇ ಇದರ ಬಹುಭಾಗವು ನಮಗೆ ತಿಳಿದುಬಂದಿದೆ.

1. ಊದುವವನಾದ ಸಿಪಾಯಿ

ಇಸಾಕ್ ಹರ್ಷೆಲ್ ಎಂಬವನು 1707ರಲ್ಲಿ ಜರ್ಮನ್ ದೇಶದ ಮಾಗ್ಡೆಬುರ್ಗ್ ಪಟ್ಟಣಕ್ಕೆ ಸಮೀಪವಾದ ಒಂದು ಹಳ್ಳಿಯಲ್ಲಿ ಹುಟ್ಟಿದನು. ಅವನ ತಂದೆಯು ತೋಟಗಾರನು. ಮಗನೂ ತೋಟದ ಕೆಲಸಕ್ಕೇ ನಿಲ್ಲಬೇಕೆಂದು ಮನೆಯವರ ಎಣಿಕೆಯಾಗಿತ್ತು. ಹುಡುಗನ ಮನಸ್ಸಾದರೋ ಸಂಗೀತದ ಮೇಲಿತ್ತು. ಅವನು ಪಿಟೀಲನ್ನು ತಾನಾಗಿಯೇ ಅಭ್ಯಾಸಮಾಡಿ, ಆಮೇಲೆ ಓಬೋ ಎಂಬ ಊದುವ ವಾದ್ಯವನ್ನು ಕಲಿಯುವದಕ್ಕೆ ಬರ್ಲಿನಿಗೆ ಹೋದನು. ನಮ್ಮ ಮೌರಿಗೂ ಶಹನಾಯಿಗೂ ಇರುವಂತೆ ಈ ವಾದ್ಯಕ್ಕೂ ಜೋಡು ನಾಲಿಗೆಯುಂಟು. ಆ ಕಾಲದಲ್ಲಿ ಜರ್ಮನ್ ದಂಡುಗಳ ವಾದ್ಯಮೇಳಕ್ಕೆ ಅದೇ ಮುಖ್ಯವಾಗಿತ್ತು. 1731ರಲ್ಲಿ ಅವನು ಹನೋವರ್ ಪಟ್ಟಣದ ಕಾಲಾಳು ಕಾವಲುಪಡೆಯ ಮೇಳದಲ್ಲಿ ಸೇರಿಕೊಂಡನು. ಮರುವರುಷ ಆನಾ ಇಲ್ಸೆ ಎಂಬಾಕೆಯನ್ನು ಮದುವೆಯಾದನು.

ವಾದ್ಯಗಾರನೆಂದು ಯುದ್ಧದ ಕಷ್ಟವು ಅವನನ್ನು ಬಿಡಲಿಲ್ಲ. ದಂಡು ಹೋದಲ್ಲಿಗೆ ಮೇಳವೂ ಹೋಗತಕ್ಕದ್ದು. 1743ನೆಯ ಜೂನ್ ತಿಂಗಳಲ್ಲಿ ಡೆಟಿಂಗೆನ್ ಎಂಬಲ್ಲಿ ಫ್ರೆಂಚರೊಂದಿಗೆ ದೊಡ್ಡ ಯುದ್ಧವಾಯಿತು. ಕಾಳಗವು ಮುಗಿದ ರಾತ್ರಿ ಇಸಾಕನು ನೀರು ತುಂಬಿದ ಹೊಲದ ಸಾಲಿನಲ್ಲಿ ಮಲಗಬೇಕಾಯಿತು. ಗುಂಡು ತಗಲದೆ ಉಳಿದ ದೇಹಕ್ಕೆ ಆ ಒಂದು ರಾತ್ರಿಯ ತಂಪು ತಗಲಿತು. ಕೆಲವು ಕಾಲ ಕೈಕಾಲು ಆಡದೆ ಹೋದವು. ದಮ್ಮಿನ ರೋಗವು ಜೀವಮಾನವೆಲ್ಲಾ ಉಳಿಯಿತು. ಉಸಿರಿನಿಂದ ಬದುಕುವ ವಾದ್ಯಗಾರನಿಗೆ ದಮ್ಮು ಎಷ್ಟು ದೊಡ್ಡ ನಷ್ಟವೆಂಬದನ್ನು ನಾವು ಊಹಿಸಬಹುದು. ಆದರೂ ಸಂಸಾರವನ್ನು ಸಾಕಬೇಕಾದದ್ದರಿಂದ 1760ರಲ್ಲಿ ಕಡೆಯ ಬಿಡುಗಡೆಯಾಗುವ ತನಕ ಅವನು ದಂಡಿನ ಕೆಲಸದಲ್ಲಿಯೇ ದಿನಗಳನ್ನು ಕಳೆದನು.

2. ಮನೆಯೇ ಪಾಠಶಾಲೆ

ಇಸಾಕನಿಗೂ ಆನಾಳಿಗೂ ಹತ್ತು ಮಕ್ಕಳು ಹುಟ್ಟಿದರು. ಬದುಕಿ ಬೆಳೆದವರು ಆರು ಮಂದಿ. ಸಿಪಾಯಿಗಳ ಮಕ್ಕಳಿಗಾಗಿ ಇದ್ದ ಶಾಲೆಯಲ್ಲಿ ಅವರು ಓದು, ಬರಹ, ಧರ್ಮಪ್ರಶ್ನೋತ್ತರ ಇವುಗಳನ್ನು ಕಲಿತರು. ಉಳಿದದ್ದನ್ನು ತಂದೆಯು ಮನೆಯಲ್ಲಿ ಕಲಿಸಿದನು. ಚಿಕ್ಕ ಪಿಟೀಲೊಂದನ್ನು ಹಿಡಿಯುವಷ್ಟು ಕೈ ಬಲಿತ ಕೂಡಲೇ ಗಂಡುಮಕ್ಕಳಿಗೆ ಪಾಠವು ಆರಂಭವಾಗುತ್ತಿತ್ತು.

ಅವನು ಕಲಿಸಿದ್ದು ಸ್ವರಗಳನ್ನು ಮಾತ್ರವೇ ಅಲ್ಲ. ಸಂಜೆಯಲ್ಲಿ ಮೇಳದ ಕೆಲಸ ತೀರಿಸಿ ಬಂದ ಮೇಲೆ ತಂದೆಮಕ್ಕಳು ನುಡಿಸಿದ್ದನ್ನು ಕುರಿತು ವಿಚಾರಿಸುವರು. ಅಲ್ಲಿಂದ ಮಾತು ಲೆಕ್ಕಕ್ಕೂ ಆಕಾಶಕ್ಕೂ ತತ್ವಕ್ಕೂ ಹರಿಯುವದು. ನ್ಯೂಟನ್, ಲೈಬ್ನಿಟ್ಸ್, ಆಯ್ಲರ್ ಎಂಬ ಪಂಡಿತರ ಹೆಸರುಗಳು ಆ ಬಡಮನೆಯಲ್ಲಿ ಎಷ್ಟು ಗಟ್ಟಿಯಾಗಿ ಕೇಳಿಬರುತ್ತಿದ್ದವಂದರೆ, ಬೆಳಿಗ್ಗೆ ಏಳು ಗಂಟೆಗೆ ಶಾಲೆಗೆ ಹೋಗತಕ್ಕ ಚಿಕ್ಕ ಮಕ್ಕಳ ನಿದ್ರೆ ಕೆಡುವದೆಂದು ತಾಯಿಯು ಅಡ್ಡಬಂದು ಸುಮ್ಮನಿರಿಸಬೇಕಾಗುತ್ತಿತ್ತು. ಮೂಲೆಯಲ್ಲಿ ಮಲಗಿದ್ದ ಚಿಕ್ಕ ಮಗಳು ಇದನ್ನು ಕೇಳುತ್ತಾ ನಿದ್ರೆಮಾಡದೆ ಎಚ್ಚರವಾಗಿರುತ್ತಿದ್ದಳು. ಒಂದು ಚಳಿಗಾಲದ ರಾತ್ರಿ ಆಕಾಶದಲ್ಲಿ ಧೂಮಕೇತು ಕಾಣಿಸಿದಾಗ ಇಸಾಕನು ಈ ಮಗಳನ್ನು ಬೀದಿಗೆ ಕರೆದುಕೊಂಡು ಹೋಗಿ, ಧೂಮಕೇತುವನ್ನು ನೋಡಿದ ಮೇಲೆ ಅಂದವಾದ ನಕ್ಷತ್ರರಾಶಿಗಳನ್ನೂ ತೋರಿಸಿ ಕೊಟ್ಟನು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮನೆಯಲ್ಲಿ ಕೂತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳಿಗೆ ಕಲಿಸಬೇಕೆಂಬ ಆಜ್ಞೆಯುಂಟಲ್ಲಾ; ಈ ಸಿಪಾಯಿಯು ಅದನ್ನು ಹೀಗೆ ನಡಿಸಿದನು.

ಮಗನಾದ ವಿಲಿಯಂ 1738ರಲ್ಲಿ ಹುಟ್ಟಿದವನು. ಹದಿನಾಲ್ಕು ವಯಸ್ಸಿನಲ್ಲಿ, ಅಂದರೆ 1753ರಲ್ಲಿ, ಅವನೂ ತಂದೆಯ ಮೇಳದಲ್ಲಿ ಸೇರಿದನು. ಹನೋವರಿಗೂ ಇಂಗ್ಲೆಂಡಿಗೂ ಆಗ ಒಬ್ಬನೇ ಅರಸನಿದ್ದದರಿಂದ 1756ರಲ್ಲಿ ತಂದೆಯೂ ಹಿರಿಯ ಮಗನಾದ ಯಾಕೋಬನೂ ವಿಲಿಯಮನೂ ದಂಡಿನ ಸಂಗಡ ಇಂಗ್ಲೆಂಡಿಗೆ ಹೋಗಿ ಬಂದರು. ಮರುವರುಷ ಹಾಸ್ಟೆನ್‌ಬೆಕ್ ಎಂಬಲ್ಲಿ ಹನೋವರಿನ ಸೈನ್ಯವು ಸೋತಿತು. ಫ್ರೆಂಚರು ಪಟ್ಟಣಕ್ಕೆ ನುಗ್ಗಿದರು. ಹರ್ಷೆಲನ ಮನೆಯಲ್ಲಿಯೂ ಶತ್ರು ಸಿಪಾಯಿಗಳು ಬಿಡಾರ ಮಾಡಿದರು. ತಂದೆಯ ಆಲೋಚನೆಯಂತೆ ವಿಲಿಯಮನು ದಂಡನ್ನು ಬಿಟ್ಟು ಇಂಗ್ಲೆಂಡಿಗೆ ಹೊರಟುಹೋದನು. ಕ್ರಮವಾದ ಬಿಡುಗಡೆಯ ಪತ್ರವು 1762ರಲ್ಲಿ ಅವನಿಗೆ ದೊರೆಯಿತು.

3. ಮಗಳ ಪಾಲು

ಈಗ ಪಾಠದ ಕಠಿಣವಾದ ಭಾಗಕ್ಕೆ ಬರುತ್ತೇವೆ. ಕೆರೊಲಿನ್ ಎಂಬ ಮಗಳು 1750ರಲ್ಲಿ ಹುಟ್ಟಿದಳು. ಚಿಕ್ಕವಳಿರುವಾಗ ಸಿಡುಬು ಬಂದು ಮುಖದಲ್ಲಿ ಕಲೆ ಉಳಿಯಿತು. ಹತ್ತು ವಯಸ್ಸಿನಲ್ಲಿ ಕಠಿಣವಾದ ಜ್ವರ ಬಂದು ಬೆಳವಣಿಗೆಯು ನಿಂತದ್ದರಿಂದ ಆಕೆಯ ಎತ್ತರವು ನಾಲ್ಕು ಅಡಿ ಮೂರು ಅಂಗುಲಕ್ಕಿಂತ ಹೆಚ್ಚಲಿಲ್ಲ. ರೂಪವೂ ಐಶ್ವರ್ಯವೂ ಇಲ್ಲದ ಮಗಳಿಗೆ ಮದುವೆಯ ನಿರೀಕ್ಷೆಯು ಕಡಿಮೆಯೆಂದು ತಂದೆಯೇ ಆಕೆಗೆ ಹೇಳಿದನು. ಈ ಮಾತು ನಮ್ಮ ಕಿವಿಗೆ ಕಠಿಣವಾಗಿ ಕೇಳುತ್ತದೆ. ಆದರೆ ಹಾಗೆ ಹೇಳಿದ ತಂದೆಯು, ಇವಳಿಗೆ ಕಲಿಸಿ ಏನು ಫಲವೆಂದು ಕೈಬಿಡದೆ, ಒಳ್ಳೇ ವಿದ್ಯೆಯನ್ನು ಕೊಡಬೇಕೆಂದೇ ಆಶಿಸಿದನು.

ತಾಯಿಯ ಅಭಿಪ್ರಾಯವು ಬೇರೆಯಾಗಿತ್ತು. ಮಗಳಿಗೆ ಅಡಿಗೆ, ಹೊಲಿಗೆ, ಹೆಣಿಗೆ, ಮನೆಗೆಲಸ ಇವು ಸಾಕೆಂದು ಆಕೆ ಹಟಮಾಡಿದಳು. ಆಕೆಯನ್ನು ನಾವು ಬೇಗನೆ ದೂಷಿಸಬಾರದು. ತಾನು ಓದುಬರಹ ಕಲಿಯದವಳು. ಗಂಡನು ವರುಷಗಟ್ಟಲೆ ದಂಡಿನಲ್ಲಿ ಇರುವಾಗ ಮಕ್ಕಳನ್ನು ಸಾಕಿದವಳು. ವಿದ್ಯೆಯು ಇಷ್ಟು ಇಲ್ಲದಿದ್ದರೆ ವಿಲಿಯಮನು ಪರದೇಶಕ್ಕೆ ಹೋಗುತ್ತಿರಲಿಲ್ಲ, ಯಾಕೋಬನಿಗೆ ದೊಡ್ಡ ಆಸೆಗಳು ಹುಟ್ಟುತ್ತಿರಲಿಲ್ಲ ಎಂದು ಆಕೆ ನೆನಸಿದಳು. ಗಂಡುಮಕ್ಕಳನ್ನು ಕೊಂಡುಹೋದ ವಿದ್ಯೆಯು ಹೆಣ್ಣನ್ನೂ ಕೊಂಡುಹೋದೀತೆಂಬ ಭಯವೇ ಆ ಹಟಕ್ಕೆ ಬೇರು. ಇಂಥ ತಾಯಿಯರು ನಮ್ಮ ಊರುಗಳಲ್ಲಿ ಇಲ್ಲವೋ? ಭಯಪಡುವ ತಾಯಿಗೆ ಬುದ್ಧಿಹೇಳುವ ಮುಂಚೆ ಆ ಭಯದ ಕಾರಣವನ್ನು ಕೇಳತಕ್ಕದ್ದು.

ಹೀಗಿರಲಾಗಿ ಇಸಾಕನು ಏನು ಮಾಡಿದನು? ತಾಯಿಯು ಸಂತೋಷವಾಗಿರುವ ಹೊತ್ತನ್ನೋ ಮನೆಯಲ್ಲಿ ಇಲ್ಲದ ಹೊತ್ತನ್ನೋ ನೋಡಿ ಮಗಳಿಗೆ ಪಿಟೀಲಿನ ಪಾಠವನ್ನು ಕೊಟ್ಟನು. ಗಂಡುಮಕ್ಕಳಿಗೆ ಬಹಿರಂಗವಾಗಿ ಸಿಕ್ಕಿದ್ದು ಮಗಳಿಗೆ ಕದ್ದ ಹೊತ್ತಿನಲ್ಲಿ ಚೂರುಚೂರಾಗಿ ಸಿಕ್ಕಿತು. ಈ ತಂದೆಯನ್ನು ನಾವು ಮೆಚ್ಚುತ್ತೇವೆ. ಆದರೂ ಇದೊಂದರಲ್ಲಿ ಅವನನ್ನು ಅನುಸರಿಸಬೇಕೆಂದು ಹೇಳಲಾರೆವು. ಕಾರಣವೇನಂದರೆ, ಗಂಡಹೆಂಡರು ಕೂತು ಮಾತಾಡಿ ತೀರಿಸದೆ ಬಿಟ್ಟ ವಿಷಯದ ಸಾಲವನ್ನು ಮಗುವೇ ತೀರಿಸಬೇಕಾಗುವದು. ಕೆರೊಲಿನಳು ಅದನ್ನು ಹೇಗೆ ತೀರಿಸಿದಳೆಂದು ಮುಂದೆ ನೋಡುವೆವು.

4. ಕೈ ಬಿದ್ದರೂ ಬೀಳದ ಸೇವೆ

1760ರಲ್ಲಿ ಇಸಾಕನು ದಂಡಿನಿಂದ ಬಿಡುಗಡೆಯಾಗಿ ಮುರಿದ ದೇಹದಿಂದ ಮನೆಗೆ ಬಂದನು. ವಯಸ್ಸು ಐವತ್ತಮೂರು. ಅನೇಕರು ಇಂಥ ಸಮಯದಲ್ಲಿ ಜಗಲಿಯ ಮೇಲೆ ಕೂತು ಹಳೆಯ ಯುದ್ಧಗಳ ಮಾತಾಡುತ್ತಾ ಕಾಲ ಕಳೆಯುವರು. ಇವನಾದರೋ ಮನೆಯಲ್ಲಿ ಶಿಷ್ಯರನ್ನು ಕೂಡಿಸಿ ಸಂಗೀತವನ್ನು ಕಲಿಸಿದನು. ಬಿಡುವು ಸಿಕ್ಕಿದಾಗೆಲ್ಲಾ ಕೆಲವು ಸಾರಿ ಅರ್ಧರಾತ್ರಿಯ ತನಕವೂ ಸ್ವರಲಿಪಿಯನ್ನು ನಕಲುಮಾಡಿ ಸಂಪಾದಿಸಿದನು.

1764ನೆಯ ಎಪ್ರಿಲ್ ತಿಂಗಳಲ್ಲಿ ವಿಲಿಯಮನು ಕೆಲವು ದಿವಸಗಳ ಮಟ್ಟಿಗೆ ಮನೆಗೆ ಬಂದನು. ಅವನು ಹಿಂದಿರುಗಿ ಹೋಗುವ ಆದಿತ್ಯವಾರವೂ ಕೆರೊಲಿನಳು ಮೊದಲನೆಯ ಸಾರಿ ಕರ್ತನ ಭೋಜನಕ್ಕೆ ಸೇರುವ ಆದಿತ್ಯವಾರವೂ ಒಂದೇ ಆಗಿತ್ತು. ಆಕೆ ಹೊಸ ಕಪ್ಪು ರೇಷ್ಮೆಯ ಉಡುಪನ್ನು ಉಟ್ಟು, ಅಕ್ಕನು ಮದುವೆಯ ದಿನದಲ್ಲಿ ಧರಿಸಿದ್ದ ಕೃತಕ ಹೂವುಗಳ ಗುಚ್ಛವನ್ನು ಧರಿಸಿ ದೇವಾಲಯಕ್ಕೆ ಹೋದಳು. ಬೆಳಿಗ್ಗೆ ಎಂಟು ಗಂಟೆಗೆ ಅಣ್ಣನಿಂದ ಅಗಲಿ ಬಂದಿದ್ದಳು. ದೇವಾಲಯವು ಜನರಿಂದ ತುಂಬಿ ಬಾಗಿಲು ತೆರೆದಿತ್ತು. ಹನ್ನೊಂದು ಗಂಟೆಗೆ ಅಣ್ಣನನ್ನು ಕೊಂಡುಹೋಗುವ ಟಪ್ಪಾಲು ಗಾಡಿಯು ಆ ಬಾಗಿಲಿನ ಸಮೀಪದಲ್ಲಿಯೇ ದಾಟಿತು. ಗಾಡಿಯವನು ಕೊಂಬನ್ನು ಊದಿದನು. ಒಳಗೆ ಕರ್ತನ ಮೇಜು, ಹೊರಗೆ ದೂರವಾಗುವ ಅಣ್ಣನ ಗಾಡಿ. ಹದಿನಾಲ್ಕು ವರುಷದ ಹುಡುಗಿಯ ಹೃದಯವು ಎರಡಾಯಿತು. ಪವಿತ್ರವಾದ ದಿವಸಗಳಲ್ಲಿಯೂ ಕಣ್ಣೀರು ಬರುವದುಂಟು. ಅದಕ್ಕಾಗಿ ಯಾರೂ ತಮ್ಮ ನಂಬಿಕೆಯನ್ನು ಅನುಮಾನಿಸಬೇಕಾಗಿಲ್ಲ.

ತಂದೆಯು ವಿಲಿಯಮನನ್ನು ಆ ಮೇಲೆ ಎಂದಿಗೂ ಕಾಣಲಿಲ್ಲ. ಅದೇ ವರುಷದ ಆಗಸ್ಟಿನಲ್ಲಿ ಇಸಾಕನಿಗೆ ಪಾರ್ಶ್ವವಾಯುವು ಬಡಿದು, ಪ್ರಿಯವಾದ ಪಿಟೀಲನ್ನು ಅವನು ಕೆಳಗಿಡಬೇಕಾಯಿತು. ಆದರೂ ಮನೆಗೆ ಬರುವ ಶಿಷ್ಯರಿಗೆ ಪಾಠಹೇಳುವದನ್ನು ಬಿಡಲಿಲ್ಲ. ನುಡಿಸುವ ಕೈ ಹೋದರೂ ಕೇಳುವ ಕಿವಿಯೂ ತಿದ್ದುವ ಬಾಯಿಯೂ ಉಳಿದಿದ್ದವು. 1767ನೆಯ ಮಾರ್ಚ್ 22ರಲ್ಲಿ ಅವನು ತೀರಿಕೊಂಡನು.

5. ಬಿತ್ತಿದ್ದರ ಫಲ

ತಂದೆಯು ಹೋದ ಮೇಲೆ ಕದ್ದ ಪಾಠಗಳೂ ನಿಂತುಹೋದವು. ಕೆರೊಲಿನಳು ಐದು ವರುಷ ಮನೆಯ ಕೆಲಸದವಳಂತೆ ದುಡಿದಳು. ಮೇಲೆ ಹೇಳಿದ ಸಾಲವು ಈ ಐದು ವರುಷಗಳೇ. ಅಷ್ಟರಲ್ಲಿ ವಿಲಿಯಮನು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದ ದೇವಾಲಯದಲ್ಲಿ ಆರ್ಗನ್ ನುಡಿಸುವವನಾಗಿದ್ದು, ತರುವಾಯ ಬಾತ್ ಎಂಬ ಪಟ್ಟಣದಲ್ಲಿ 1767ನೆಯ ಅಕ್ಟೋಬರಿನಲ್ಲಿ ತೆರೆಯಲ್ಪಟ್ಟ ಎಂಟು ಮೂಲೆಯ ದೇವಾಲಯದ ಆರ್ಗನ್ ಸೇವೆಗೆ ನೇಮಕವಾಗಿದ್ದನು. ಅಲ್ಲಿಯ ಹಾಡುಗಾರರ ಗುಂಪಿಗೋಸ್ಕರ ಅವನು ಕೀರ್ತನೆಗಳಿಗೆ ರಾಗಗಳನ್ನು ಕಟ್ಟಿದನು. ತಂಗಿಗೆ ಹಾಡುವದನ್ನು ಕಲಿಸಿ ತನ್ನ ಸಂಗಡ ಇರಿಸಿಕೊಳ್ಳುವೆನೆಂದು ಕರೆಕಳುಹಿಸಿದನು.

ಕರೆ ಬಂದರೂ ಹೋಗುವದು ನಿಶ್ಚಯವಾಗಿರಲಿಲ್ಲ. ಕೆರೊಲಿನಳು ಯಾರಿಗೂ ತೊಂದರೆಯಾಗದಂತೆ, ಒಬ್ಬಳೇ ಇರುವ ಹೊತ್ತಿನಲ್ಲಿ, ಹಲ್ಲುಗಳ ನಡುವೆ ಒಂದು ತುಂಡನ್ನು ಕಚ್ಚಿಕೊಂಡು, ಪಿಟೀಲಿನ ಸ್ವರಗಳನ್ನು ಕಂಠದಿಂದ ಅನುಕರಿಸಿ ಅಭ್ಯಾಸಮಾಡಿದಳು. ತಂದೆಯು ಕದ್ದು ಕೊಟ್ಟ ಪಾಠವು ಈಗ ಉಪಯೋಗಕ್ಕೆ ಬಂತು. ತಾನು ಹೋದ ಮೇಲೆ ಮನೆಯವರಿಗೆ ಕೊರತೆಯಾಗಬಾರದೆಂದು ಎರಡು ವರುಷಕ್ಕೆ ಸಾಕಾಗುವಷ್ಟು ಕಾಲುಚೀಲಗಳನ್ನೂ ಹೆಣೆದಿಟ್ಟಳು. 1772ರಲ್ಲಿ ವಿಲಿಯಮನು ಬಂದು, ತಂಗಿಯ ಸ್ಥಳದಲ್ಲಿ ಕೆಲಸದವಳನ್ನು ಇಟ್ಟುಕೊಳ್ಳುವದಕ್ಕೆ ತಾಯಿಗೆ ವರ್ಷಾಶನವನ್ನು ಏರ್ಪಡಿಸಿ, ಆಕೆಯನ್ನು ಕರೆದುಕೊಂಡು ಹೋದನು. ವಿದ್ಯೆಯ ಬಾಗಿಲನ್ನು ತೆರೆಯುವಾಗ ತಾಯಿಯ ಮನೆಗೆಲಸದ ಭಾರವನ್ನೂ ಅವನು ನೆನಸಿದನೆಂಬದನ್ನು ಗುರುತಿಸತಕ್ಕದ್ದು.

ಬಾತ್ ಪಟ್ಟಣದಲ್ಲಿ ಕೆರೊಲಿನಳು ಹಾಡುಗಾರರಲ್ಲಿ ಮುಖ್ಯಳಾದಳು. ಹೆಂಡೆಲ್ ಎಂಬವನು ಕಟ್ಟಿದ ‘ಮೆಸ್ಸಾಯ’ ಮುಂತಾದ ದೊಡ್ಡ ಗಾನಗಳನ್ನು ನಡಿಸುವಾಗ, ಸುಮಾರು ನೂರು ಮಂದಿ ವಾದ್ಯಗಾರರಿಗೆ ಬೇಕಾದ ಸ್ವರಭಾಗಗಳನ್ನು ಆಕೆಯೇ ಕೈಯಿಂದ ನಕಲುಮಾಡಿದಳು. ಮೇಲುಸ್ವರದವರಿಗೆ ಆಕೆಯೇ ಕಲಿಸಿದಳು. ಅರ್ಧರಾತ್ರಿಯ ತನಕ ನಕಲು ಬರೆಯುವ ತಂದೆಯನ್ನು ನೋಡಿ ಬೆಳೆದವಳಿಗೆ ಆ ಕೆಲಸವು ಹೊಸದಾಗಿರಲಿಲ್ಲ. ಬೇರೆ ಪಟ್ಟಣದವರು ಹಾಡಲಿಕ್ಕೆ ಕರೆದಾಗ, ಅಣ್ಣನು ನಡಿಸುವ ಕೂಟದಲ್ಲಿ ಹೊರತು ಹಾಡಲಾರೆನೆಂದು ಹೇಳಿದಳು.

ಸಂಗೀತದ ಕೆಲಸ ತೀರಿದ ರಾತ್ರಿಗಳಲ್ಲಿ ವಿಲಿಯಮನು ತಾನೇ ಮಾಡಿದ ದುರ್ಬೀನುಗಳಿಂದ ಆಕಾಶವನ್ನು ನೋಡುತ್ತಿದ್ದನು. 1781ನೆಯ ಮಾರ್ಚ್ 13ರಲ್ಲಿ ಅದುವರೆಗೆ ಯಾರೂ ಗ್ರಹವೆಂದು ಅರಿಯದಿದ್ದ ಯುರೇನಸನ್ನು ಕಂಡುಹಿಡಿದನು. 1782ನೆಯ ಪೆಂತೆಕೊಸ್ತ ಹಬ್ಬದ ಆದಿತ್ಯವಾರದಲ್ಲಿ ಅಣ್ಣತಂಗಿಯರು ಬಾತ್ ಪಟ್ಟಣದ ಒಂದು ದೇವಾಲಯದಲ್ಲಿ ಕಡೆಯ ಸಾರಿ ನುಡಿಸಿ ಹಾಡಿ, ಆ ಮೇಲೆ ಆಕಾಶಶಾಸ್ತ್ರಕ್ಕೇ ತಮ್ಮನ್ನು ಒಪ್ಪಿಸಿಕೊಟ್ಟರು. ಕೆರೊಲಿನಳು 1786ರಿಂದ 1797ರ ವರೆಗೆ ಎಂಟು ಧೂಮಕೇತುಗಳನ್ನು ಕಂಡಳು. 1787ರಿಂದ ಅರಸನು ಆಕೆಗೆ ವರುಷಕ್ಕೆ 50 ಪೌಂಡು ಸಂಬಳವನ್ನು ಕೊಟ್ಟನು. 1828ರಲ್ಲಿ ಇಂಗ್ಲೆಂಡಿನ ಆಕಾಶಶಾಸ್ತ್ರಜ್ಞರ ಸಂಘವು ಚಿನ್ನದ ಪದಕವನ್ನು ಕೊಟ್ಟು ಗೌರವಿಸಿತು. ಚಳಿಯ ಬೀದಿಯಲ್ಲಿ ತಂದೆಯ ಕೈ ಹಿಡಿದು ಧೂಮಕೇತುವನ್ನು ನೋಡಿದ ಹುಡುಗಿ ಇವಳೇ.

1822ರಲ್ಲಿ ವಿಲಿಯಮನು ತೀರಿಕೊಂಡ ಮೇಲೆ ಆಕೆ ಹನೋವರಿಗೆ ಹಿಂದಿರುಗಿದಳು. 1848ನೆಯ ಜನವರಿ 9ರಲ್ಲಿ, ತೊಂಭತ್ತೇಳನೆಯ ವಯಸ್ಸಿನಲ್ಲಿ ತೀರಿಹೋದಾಗ, ತಂದೆತಾಯಿಯರ ಬಳಿಯಲ್ಲಿಯೇ ಆಕೆಯನ್ನು ಹೂಣಿಟ್ಟರು. ಆಕೆಯ ಇಚ್ಛೆಯಂತೆ ಪೆಟ್ಟಿಗೆಯಲ್ಲಿ ಎರಡು ವಸ್ತುಗಳನ್ನು ಇಟ್ಟರು: ಅಣ್ಣನ ತಲೆಕೂದಲಿನ ಒಂದು ಎಳೆ, ಮತ್ತು ತಂದೆಯು ಉಪಯೋಗಿಸಿ ಅಕ್ಷರಗಳು ಮಾಸಿಹೋಗಿದ್ದ ಒಂದು ಹಳೆಯ ಪಂಚಾಂಗ. ವಿದ್ಯೆಯು ಮಗಳನ್ನು ದೂರ ಮಾಡೀತೆಂದು ತಾಯಿಯು ಭಯಪಟ್ಟಿದ್ದಳು. ಆ ಮಗಳೇ ಕಡೆಯಲ್ಲಿ ಹಿಂದಿರುಗಿ ಬಂದು ತಾಯಿಯ ಬಳಿಯಲ್ಲಿ ಮಲಗಿದಳು.

6. ನಮ್ಮ ಸಭೆಗಳಿಗೆ

1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ಸಭೆಗಳ ಹಳೆಯ ರಾಗಗಳಲ್ಲಿ ಹಲವು ಕನ್ನಡ ಮಾತುಗಳನ್ನು ಧರಿಸಿ ನಮ್ಮ ಸಂಗೀತ ಪುಸ್ತಕಕ್ಕೆ ಬಂದವು. ಆದರೆ ರಾಗವು ಪುಸ್ತಕದಲ್ಲಿ ಇದ್ದರೆ ಸಾಲದು. ಅದನ್ನು ಒಬ್ಬನು ಇನ್ನೊಬ್ಬನಿಗೆ ಕೈಯಿಂದ ಕೈಗೆ ಕೊಡದಿದ್ದರೆ ಒಂದೇ ತಲೆಮಾರಿನಲ್ಲಿ ಬಾಯಿಗಳು ಮೂಕವಾಗುವವು.

ದಂಡಿನ ಬ್ಯಾಂಡಿನಲ್ಲಿಯೋ ಪೊಲೀಸ್ ಬ್ಯಾಂಡಿನಲ್ಲಿಯೋ ಊದಿ ಬಾರಿಸಿ, ಪೆನ್ಶನ್ ಪಡೆದು ಊರಿಗೆ ಬಂದ ಅಣ್ಣಂದಿರು ನಮ್ಮ ಸಭೆಗಳಲ್ಲಿ ಇದ್ದರೆ, ಅವರಿಗೆ ನಾವು ವಿನಯವಾಗಿ ಹೇಳುವದೇನಂದರೆ: ನೀವು ಸಂಬಳಕ್ಕಾಗಿ ಕಲಿತದ್ದನ್ನು ಈಗ ಮಕ್ಕಳಿಗಾಗಿ ಉಪಯೋಗಿಸಿರಿ. ವಾರಕ್ಕೆ ಎರಡು ಸಂಜೆ ಅರ್ಧ ಅರ್ಧ ತಾಸು ಸಾಕು. ತಿಂಗಳಿಗೆ ಒಂದೇ ರಾಗವನ್ನು ತೆಗೆದುಕೊಂಡರೂ ವರುಷದ ಕೊನೆಗೆ ಹನ್ನೆರಡು ರಾಗಗಳು ಸಭೆಯ ಸ್ವತ್ತಾಗುವವು. ಉಸಿರು ಸಾಲದಿದ್ದರೆ ತಾಳವನ್ನು ಕಲಿಸಿರಿ. ಕೈ ನಡುಗಿದರೆ ಬಾಯಿಂದ ತಿದ್ದಿರಿ.

ತಂದೆತಾಯಿಯರಿಗೆ ಹೇಳತಕ್ಕದ್ದೂ ಉಂಟು. ಗಂಡುಮಕ್ಕಳಿಗೆ ದೀಪದ ಮುಂದೆ ಕಲಿಸುವದನ್ನು ಹೆಣ್ಣುಮಕ್ಕಳಿಗೆ ಬಾಗಿಲ ಮರೆಯಲ್ಲಿ ಕೊಡಬೇಡಿರಿ. ಭಯವಿದ್ದರೆ ಒಬ್ಬರಿಗೊಬ್ಬರು ಹೇಳಿಕೊಂಡು, ಕೂಡಿ ಪ್ರಾರ್ಥಿಸಿ, ಕೂಡಿ ನಿಶ್ಚಯಿಸಿರಿ. ನಿಮ್ಮ ಮಕ್ಕಳಲ್ಲಿ ಯಾರಿಗೆ ರೂಪವಿಲ್ಲವೆಂದೂ ಬಲವಿಲ್ಲವೆಂದೂ ಲೋಕವು ಹೇಳುತ್ತದೋ, ಆ ಮಗುವನ್ನೇ ಮೊದಲು ಹತ್ತಿರ ಕೂರಿಸಿಕೊಳ್ಳಿರಿ. ಹೇಮಾನನ ಮೂವರು ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡ ದೇವರು ನಮ್ಮ ಮನೆಗಳ ಲೆಕ್ಕವನ್ನೂ ನೋಡುವವನಾಗಿದ್ದಾನೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಸಭೆಯಲ್ಲಿ ಹಾಡನ್ನೋ ವಾದ್ಯವನ್ನೋ ಚೆನ್ನಾಗಿ ಬಲ್ಲವರು ಯಾರು? ಅವರಿಂದ ಕಲಿಯುತ್ತಿರುವ ಮಕ್ಕಳು ಎಷ್ಟು ಮಂದಿ?

2. ಇಸಾಕನು ಮಗಳಿಗೆ ಕದ್ದು ಕಲಿಸಿದ್ದು ಸರಿಯೋ? ಅವನು ಬೇರೆ ಏನು ಮಾಡಬಹುದಾಗಿತ್ತು?

3. ಆನಾಳ ಭಯವು ನಮ್ಮ ಮನೆಗಳಲ್ಲಿ ಯಾವ ರೂಪದಲ್ಲಿ ಇದೆ? ಅದಕ್ಕೆ ಸಭೆಯು ಹೇಗೆ ಸಹಾಯಮಾಡತಕ್ಕದ್ದು?

4. ನಮ್ಮ ಕೈಯಲ್ಲಿರುವ ಯಾವ ವಿದ್ಯೆಯು ನಮ್ಮೊಂದಿಗೇ ಮಣ್ಣಿಗೆ ಹೋಗುವ ಸ್ಥಿತಿಯಲ್ಲಿದೆ? ಅದನ್ನು ಈ ವಾರವೇ ಯಾರಿಗೆ ಕಲಿಸಲು ಆರಂಭಿಸುವೆವು?